ಮುಂದಿನ ಶಾಕ್‌ಗೆ ಕೈ ಹಾಕುವ ಮುನ್ನ

ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ನನ್ನ ಹಳೇ ಬೈಕಿನ ಮೂತಿ ಧಡಕ್ಕನೆ ಕೆಳಗೆ ಕೂರುತ್ತಿತ್ತು. ಹಿಂದೆ ಕುಳಿತ ಮನೆಯಾಕೆ ಹೆಗಲು ಬಿಗಿಯಾಗಿ ಹಿಡಿಯುತ್ತಿದ್ದಳು. "ಉಸ್ತಾದ್, ಸ್ಪ್ರಿಂಗ್ ಮೇಲೆ ಪೈಪ್ ತುಂಡು ಇಡುವ, ಟೈಟ್ ಆಗ್ತದೆ" ಅಂದ ಗ್ಯಾರೇಜಿನ ಹುಡುಗ. ಇಟ್ಟೆವು. ಮೂತಿ ಸ್ವಲ್ಪ ಎತ್ತರವಾಯಿತು. ಬ್ರೇಕ್ ಹಿಡಿದರೆ ಮತ್ತೆ ಅದೇ ಕಥೆ.

ತುಂಡು ಇಟ್ಟರೆ ಸ್ಪ್ರಿಂಗ್ ಮೊದಲೇ ಅದುಮಿಕೊಂಡಿರುತ್ತದೆ ಅಷ್ಟೇ, ಅದರ ಗಡಸು ಬದಲಾಗುವುದಿಲ್ಲ. ಕುಸಿಯುವ ವೇಗಕ್ಕೆ ಕಡಿವಾಣ ಹಾಕುವುದು ಒಳಗಿನ ಎಣ್ಣೆ. ಅದು ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು, ಅದೇ ತಡೆ. ಇಂಜಿನ್ ಆಯಿಲ್ ತಪ್ಪದೆ ಬದಲಿಸುವ ನಾವು ಫೋರ್ಕ್ ಆಯಿಲನ್ನು ಮರೆತೇ ಬಿಡುತ್ತೇವೆ. ನನ್ನ ಬೈಕಿನಿಂದ ಇಳಿದದ್ದು ಬರೀ ಕಪ್ಪು ನೀರು!

"15 ಡಬ್ಲ್ಯೂ ಹಾಕುವ, ಇನ್ನೂ ಗಟ್ಟಿ" ಅಂದ ಹುಡುಗ. ಬೇಡ ಅಂದೆ. ಎಣ್ಣೆ ತೀರಾ ದಪ್ಪವಾದರೆ ಗುಂಡಿಗೆ ಬಡಿದು ಮೇಲೆ ಸರಿದ ಚಕ್ರ ಬೇಗ ಕೆಳಗಿಳಿಯದು. ಮಳೆಗಾಲದ ನಮ್ಮ ರಸ್ತೆಯಲ್ಲಿ ಗುಂಡಿಯ ಬೆನ್ನಿಗೇ ಗುಂಡಿ, ಪ್ರತಿ ಏಟೂ ಕೈಗೇ ಬೀಳುತ್ತದೆ. ಅಳತೆ ಮೀರಿ ತುಂಬಿದರೆ ಸೀಲ್ ಒಡೆದು, ಎಣ್ಣೆ ಬ್ರೇಕ್ ಡಿಸ್ಕಿಗೆ ಇಳಿಯಬಹುದು. ಅದು ಜೀವಕ್ಕೇ ಕುತ್ತು. ಕಂಪನಿ ಪುಸ್ತಕದಲ್ಲಿದ್ದ 10 ಡಬ್ಲ್ಯೂ ಎಣ್ಣೆಯನ್ನೇ ಎರಡೂ ಕಾಲಿಗೆ ಸಮನಾಗಿ ಅಳೆದು ಹಾಕಿಸಿದೆ, ಸೀಲೂ ಹೊಸದು.

ಕಳೆದ ವಾರ ಮತ್ತೆ ಚಾರ್ಮಾಡಿ ಇಳಿದೆವು. ಮನೆಯಾಕೆ ಹೆಗಲು ಹಿಡಿಯಲಿಲ್ಲ.