ಕರ್ನಲ್ ಹೊಸ್ತಿಲು ದಾಟುವ ಖರ್ಚು

2002ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್ ಬರೆಯುವವರ ಮುಂದೆ ಒಂದು ವಿಚಿತ್ರ ಅಳತೆ ಬಂದು ನಿಂತಿತು. ಗಡಿಯಾರದ ವೇಗದಲ್ಲಿ ಎಷ್ಟೋ ಮುಂದಿದ್ದ ಪೆಂಟಿಯಂ 4 ಪ್ರೊಸೆಸರ್, ಒಂದು ಕೆಲಸದಲ್ಲಿ ಮಾತ್ರ ಹಳೆಯ ಪೆಂಟಿಯಂ 3ಕ್ಕಿಂತ ಹಿಂದೆ ಬಿದ್ದಿತ್ತು. ಆ ಕೆಲಸವೇ ಸಿಸ್ಟಮ್ ಕಾಲ್.

ಯಾವ ಪ್ರೋಗ್ರಾಂ ಕೂಡ ತಾನಾಗಿ ಡಿಸ್ಕನ್ನು ಮುಟ್ಟುವಂತಿಲ್ಲ. ಫೈಲಿನಿಂದ ನಾಲ್ಕು ಅಕ್ಷರ ಬೇಕಿದ್ದರೂ ಕರ್ನಲ್ಲನ್ನೇ ಕೇಳಬೇಕು. ಕೇಳಿದೊಡನೆ ಪ್ರೊಸೆಸರ್ ಸೀಮಿತ ಅಧಿಕಾರದ ಸ್ಥಿತಿಯಿಂದ ಪೂರ್ಣ ಅಧಿಕಾರದ ಸ್ಥಿತಿಗೆ ಹೋಗುತ್ತದೆ, ಕೆಲಸ ಮುಗಿದ ಮೇಲೆ ಮರಳುತ್ತದೆ. ಒಳಗಿನ ಕೆಲಸ ಚಿಕ್ಕದಾಗಿದ್ದರೆ ಹೋಗಿಬರುವ ಖರ್ಚೇ ದೊಡ್ಡದಾಗುತ್ತದೆ.

ಆಗ ಲಿನಕ್ಸ್ ಒಳಹೋಗಲು ಬಳಸುತ್ತಿದ್ದುದು ‘ಇಂಟ್’ ಎಂಬ ಇನ್‌ಸ್ಟ್ರಕ್ಷನ್, ಅದರಲ್ಲೂ 128ನೆಯ ಸಂಖ್ಯೆಯ ಇಂಟರಪ್ಟ್. ಇದನ್ನು ಕಂಡೊಡನೆ ಪ್ರೊಸೆಸರ್ ಮೆಮೊರಿಯಲ್ಲಿರುವ ಪಟ್ಟಿಯಿಂದ ಆ ಸಂಖ್ಯೆಯ ನಮೂದನ್ನು ಓದುತ್ತದೆ. ಅದು ತೋರಿಸುವ ಸೆಗ್ಮೆಂಟ್‌ನ ವಿವರವನ್ನು ಇನ್ನೊಂದು ಪಟ್ಟಿಯಿಂದ ತರುತ್ತದೆ. ಕರೆದವರಿಗೆ ಅನುಮತಿ ಇದೆಯೇ ಎಂದು ಪರೀಕ್ಷಿಸುತ್ತದೆ. ಕರ್ನಲ್‌ನ ಸ್ಟ್ಯಾಕ್ ಎಲ್ಲಿದೆಯೆಂದು ಮೂರನೆಯ ಕಡೆ ನೋಡಿ, ಹಳೆಯ ಸ್ಥಿತಿಯ ಐದು ಮೌಲ್ಯಗಳನ್ನು ಅಲ್ಲಿ ಬರೆದಿಡುತ್ತದೆ. ಮರಳುವಾಗಲೂ ತಪಾಸಣೆ ತಪ್ಪುವುದಿಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿರುವ ನೌಕರನನ್ನು ದಿನಾ ಗೇಟಿನಲ್ಲಿ ನಿಲ್ಲಿಸಿ ನೇಮಕಾತಿ ಪತ್ರ ಕೇಳಿದ ಹಾಗೆ. ಪೆಂಟಿಯಂ 4ರ ಪೈಪ್‌ಲೈನ್‌ಗೋ 20 ಹಂತಗಳು. ಒಂದೇ ಸಮನೆ ಸಾಗುವ ಲೆಕ್ಕಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಇಂಥ ತಿರುವು ಬಂದರೆ ಬರಿದಾಗಿ ಮತ್ತೆ ತುಂಬಿಕೊಳ್ಳಬೇಕಿತ್ತು.

ಈ ಎಲ್ಲ ಹುಡುಕಾಟದ ಉತ್ತರ ಪ್ರತಿ ಸಲವೂ ಒಂದೇ. ಕರ್ನಲ್‌ನ ಬಾಗಿಲು ಜಾಗ ಬದಲಿಸುವುದಿಲ್ಲ. ಇದನ್ನು ಅರಿತೇ ಇಂಟೆಲ್ 1997ರ ಪೆಂಟಿಯಂ 2ರಲ್ಲಿ ‘ಸಿಸ್‌ಎಂಟರ್’ ಎಂಬ ಇನ್‌ಸ್ಟ್ರಕ್ಷನ್ ಕೊಟ್ಟಿತ್ತು. ಎಲ್ಲಿಗೆ ಹೋಗಬೇಕು, ಯಾವ ಸ್ಟ್ಯಾಕ್ ಎಂಬುದನ್ನು ಕರ್ನಲ್ ಮೊದಲೇ ವಿಶೇಷ ರಿಜಿಸ್ಟರ್‌ಗಳಲ್ಲಿ ತುಂಬಿಡುತ್ತದೆ. ಪಟ್ಟಿ ಓದುವುದಿಲ್ಲ, ನೇರ ಪ್ರವೇಶ. ವಿಂಡೋಸ್ ಎಕ್ಸ್‌ಪಿ ಆಗಲೇ ಇದನ್ನು ಬಳಸುತ್ತಿತ್ತು.

ಲಿನಕ್ಸ್‌ಗೆ ತೊಡಕು ಬೇರೆಯೇ ಇತ್ತು. ಸಿಸ್‌ಎಂಟರ್ ಮರಳುವ ವಿಳಾಸವನ್ನು ಎಲ್ಲಿಯೂ ಉಳಿಸುವುದಿಲ್ಲ. ಹಳೆಯ ಪ್ರೊಸೆಸರ್‌ಗಳಿಗಂತೂ ಆ ಇನ್‌ಸ್ಟ್ರಕ್ಷನ್ನೇ ತಿಳಿಯದು. ಲೈನಸ್ ಟೊರ್ವಾಲ್ಡ್ಸ್ ಆ ತಿಂಗಳೇ ಬರೆದ ಪರಿಹಾರ ನನಗೆ ಇಡೀ ಕಥೆಯಲ್ಲಿ ಅತ್ಯಂತ ಚೆಲುವಾಗಿ ಕಾಣುತ್ತದೆ. ಕರ್ನಲ್ ತನ್ನದೊಂದು ಪುಟವನ್ನು ಪ್ರತಿ ಪ್ರೋಗ್ರಾಂನ ಮೆಮೊರಿಯಲ್ಲೂ ಕಾಣುವಂತೆ ಇಡುತ್ತದೆ. ಒಳಹೋಗುವ ಇನ್‌ಸ್ಟ್ರಕ್ಷನ್ ಆ ಪುಟದಲ್ಲೇ ಇರುತ್ತದೆ. ಯಂತ್ರ ಹಳೆಯದಾದರೆ ಇಂಟ್, ಹೊಸದಾದರೆ ಸಿಸ್‌ಎಂಟರ್. ಪ್ರೋಗ್ರಾಂ ಆ ಪುಟವನ್ನು ಕರೆದರೆ ಸಾಕು, ಪ್ರೊಸೆಸರ್ ಯಾವುದೆಂದು ಅದು ವಿಚಾರಿಸಬೇಕಿಲ್ಲ. ಮರಳುವ ಜಾಗವೂ ಅದೇ ಪುಟ, ಹಾಗಾಗಿ ವಿಳಾಸ ಮೊದಲೇ ಗೊತ್ತು.

ಆ ಉಪಾಯದಿಂದ ಬೆಳೆದದ್ದೇ ಇಂದಿನ ‘ವಿಡಿಎಸ್‌ಒ’. ಈಗ ಸಮಯ ಎಷ್ಟೆಂದು ಕೇಳುವ ಪ್ರೋಗ್ರಾಂ ಸಾಮಾನ್ಯವಾಗಿ ಕರ್ನಲ್‌ಗೆ ಹೋಗುವುದೇ ಇಲ್ಲ. ಕರ್ನಲ್ ಬರೆದಿಟ್ಟ ಅಂಕಿಗಳನ್ನೂ ಪ್ರೊಸೆಸರ್‌ನ ಎಣಿಕೆಯನ್ನೂ ಕೂಡಿಸಿ ತಾನೇ ಲೆಕ್ಕ ಹಾಕುತ್ತದೆ.

64 ಬಿಟ್ ಕಾಲದಲ್ಲಿ ಎಎಂಡಿಯ ‘ಸಿಸ್‌ಕಾಲ್’ ಗೆದ್ದಿತು. ಅದು ಮರಳುವ ವಿಳಾಸವನ್ನು ‘ಆರ್‌ಸಿಎಕ್ಸ್’ ರಿಜಿಸ್ಟರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆ ಕಾರಣಕ್ಕೇ ಲಿನಕ್ಸ್‌ನಲ್ಲಿ ಸಿಸ್ಟಮ್ ಕಾಲ್‌ನ ನಾಲ್ಕನೆಯ ಮೌಲ್ಯ ಬೇರೆ ರಿಜಿಸ್ಟರ್‌ಗೆ ಹೋಗಬೇಕಾಯಿತು.

ಹೀಗೆ ಗಳಿಸಿದ ವೇಗದಲ್ಲಿ ಒಂದಷ್ಟನ್ನು 2018ರ ಜನವರಿ ಕಿತ್ತುಕೊಂಡಿತು. ಪ್ರೊಸೆಸರ್ ಮುಂದಾಗಿ ಊಹಿಸಿ ನಡೆಸುವ ಕೆಲಸದ ಜಾಡು ಹಿಡಿದು, ಸಾಮಾನ್ಯ ಪ್ರೋಗ್ರಾಂ ಕರ್ನಲ್‌ನ ಮೆಮೊರಿಯನ್ನು ಓದಬಹುದೆಂದು ‘ಮೆಲ್ಟ್‌ಡೌನ್’ ತೋರಿಸಿತು. ರಕ್ಷಣೆಗಾಗಿ ಕರ್ನಲ್‌ಗೂ ಪ್ರೋಗ್ರಾಂಗೂ ಬೇರೆ ಬೇರೆ ಪುಟ ಪಟ್ಟಿಗಳನ್ನು ಕೊಡಬೇಕಾಯಿತು. ಪ್ರತಿ ಸಿಸ್ಟಮ್ ಕಾಲ್‌ನಲ್ಲೂ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಪಟ್ಟಿ ಬದಲಾಗಬೇಕು. ಮೇಲಿಂದ ಮೇಲೆ ಕರ್ನಲ್‌ಗೆ ಹೋಗುವ ಡೇಟಾಬೇಸ್‌ನಂಥ ಕೆಲಸಗಳಿಗೆ ಇದರ ಬಿಸಿ ಹೆಚ್ಚು ತಟ್ಟಿತು. ಬರೀ ಲೆಕ್ಕ ಮಾಡುವ ಪ್ರೋಗ್ರಾಂಗಳಿಗೆ ಅಷ್ಟಾಗಿ ಗೊತ್ತೇ ಆಗಲಿಲ್ಲ.

ದಾಟುವ ಸಲಗಳನ್ನೇ ಕಡಿಮೆ ಮಾಡುವ ದಾರಿಯೂ ಇದೆ. 2019ರಲ್ಲಿ ಲಿನಕ್ಸ್ 5.1ಕ್ಕೆ ಸೇರಿದ ‘ಐಒ ಯೂರಿಂಗ್’ನಲ್ಲಿ ಪ್ರೋಗ್ರಾಂ ತನ್ನ ಕೋರಿಕೆಗಳನ್ನು ಕರ್ನಲ್ ಜೊತೆ ಹಂಚಿಕೊಂಡ ಮೆಮೊರಿಯಲ್ಲಿ ಸಾಲಾಗಿ ಬರೆದಿಟ್ಟು, ಒಂದೇ ಸಿಸ್ಟಮ್ ಕಾಲ್‌ನಲ್ಲಿ ಎಲ್ಲವನ್ನೂ ಒಪ್ಪಿಸಬಹುದು.