ದಿಂಬಂ ಇಳಿಯುವ ಮುನ್ನ ಕೆಂಪು ದೀಪ ನೋಡಿ

ತಾಳವಾಡಿ: ಇಲ್ಲಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದರೂ 'ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದಿರಬೇಕು, ಬಿಡಿ' ಎಂದು ಹೊರಟುಬಿಡುವವರಿದ್ದಾರೆ.

ಹಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್‌ಗೂ ಅದೊಂದೇ ದೀಪ. (ದೊಡ್ಡ ಬಸ್ಸು, ಲಾರಿಗಳದು ಗಾಳಿ ಬ್ರೇಕ್, ಅದರ ಕಥೆಯೇ ಬೇರೆ.) ಬಾನೆಟ್ ಎತ್ತಿದರೆ ಕಾಣುವ ಆಯಿಲ್ ಡಬ್ಬಿಯೊಳಗೆ ಅಯಸ್ಕಾಂತವಿರುವ ಬೆಂಡೊಂದು ತೇಲುತ್ತಿರುತ್ತದೆ. ಆಯಿಲ್ ಇಳಿದಂತೆ ಬೆಂಡೂ ಇಳಿದು, ತಳದ ಸ್ವಿಚ್ಚು ಕೂಡಿ ದೀಪ ಹತ್ತುತ್ತದೆ. ಪ್ಯಾಡ್ ಸವೆದಿರಬೇಕು, ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಬರೀ ಆಯಿಲ್ ತುಂಬಿಸಿ ದೀಪ ಆರಿಸಿಕೊಂಡರೆ ಕಾಯಿಲೆ ಹಾಗೇ ಉಳಿಯಿತು. ತಿರುವಿನಲ್ಲಿ ಹತ್ತಿ ಸಮತಟ್ಟಿನಲ್ಲಿ ಆರುವುದೂ ಉಂಟು. ಆಗಲೂ ಡಬ್ಬಿ ನೋಡಲೇಬೇಕು.

ಹಳದಿಯ ಎಬಿಎಸ್ ದೀಪ ಬೇರೆ. ಚಕ್ರದ ವೇಗ ಅಳೆಯುವ ಸೆನ್ಸರ್ ಸುಮ್ಮನಾದರೆ ಅದು ಹತ್ತುತ್ತದೆ. ಆಗ ಬ್ರೇಕ್ ಹಿಡಿಯುತ್ತದೆ, ಚಕ್ರ ಜಾಮ್ ಆಗದಂತೆ ಕಾಯುವ ನೆರವು ಮಾತ್ರ ಇರದು.

ಘಾಟಿಯಲ್ಲಿ ನಿಜವಾಗಿ ಹೆದರಬೇಕಾದ ದೋಷವನ್ನು ಈ ಎರಡೂ ದೀಪ ಹೇಳುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್-3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದ್ದು 140ರ ಆಸುಪಾಸಿಗೇ ಕುದಿಯಬಹುದು. ಕಾದ ಬ್ರೇಕಿನಲ್ಲಿ ಆವಿಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ಒಳಗೆ ಹೋಗಿಬಿಡುತ್ತದೆ. ಡಬ್ಬಿಯಲ್ಲಿ ಆಯಿಲ್ ಇದ್ದೇ ಇರುವುದರಿಂದ ಬೆಂಡಿಗೆ ಏನೂ ಗೊತ್ತಾಗಲ್ಲ. ಗೇರ್ ಇಳಿಸಿ, ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಆಯಿಲ್ ಬದಲಿಸಿ ಎರಡು ವರ್ಷವಾಗಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ.