‘ಅಗ್ರೀವ್ಡ್’ ಅಂದ್ರೆ ಬರೀ ಬೇಜಾರಲ್ಲ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದೇ ಪದ: ‘ಅಗ್ರೀವ್ಡ್’.

ಈ ಪದ ನನಗೆ ಸಿಕ್ಕಿದ್ದು ಡಿಕ್ಷನರಿಯಲ್ಲಿ ಅಲ್ಲ, ಸಾಂಬ್ರಾಣಿಯಲ್ಲಿ. ನಮ್ಮೂರಿನ ಗೌಳಿ ಕಾಕಾ ಒಬ್ರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪತ್ರ ತಂದಿದ್ರು. ಅರಣ್ಯ ಹಕ್ಕಿನ ಅರ್ಜಿಯನ್ನು ಉಪವಿಭಾಗ ಮಟ್ಟದ ಸಮಿತಿ ತಿರಸ್ಕರಿಸಿತ್ತು. "ಮುಗೀತಲ್ಲೋ ತಮ್ಮಾ, ಇನ್ನೇನ್ ಓದ್ತಿ?" ಅಂದ್ರು.

ಮುಗಿದಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 6ನೇ ಕಲಂ ನೋಡಿ. ಈ ಸಮಿತಿಯ ನಿರ್ಧಾರದಿಂದ ‘ಅಗ್ರೀವ್ಡ್’ ಆದವರು 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಅವರ ಮಾತು ಕೇಳದೆ ಅವರ ವಿರುದ್ಧ ತೀರ್ಮಾನ ಮಾಡುವಂತಿಲ್ಲ.

ಪದದ ಬೇರು ಲ್ಯಾಟಿನ್‌ನ ‘ಗ್ರಾವಿಸ್’, ಅಂದ್ರೆ ಭಾರ. ಗ್ರ್ಯಾವಿಟಿ, ಗ್ರೀಫ್, ಕಾಲೇಜಿನ ಬೋರ್ಡ್ ಮೇಲಿರೋ ಗ್ರೀವನ್ಸ್ ಸೆಲ್, ಎಲ್ಲಾ ಒಂದೇ ಮನೆಯವು. ಕನ್ನಡದಲ್ಲಿ ಇದಕ್ಕೆ ‘ನೊಂದ ವ್ಯಕ್ತಿ’ ಅಂತ ಬರೀತಾರೆ. ನನಗೆ ಅದು ಅರ್ಧ ಮಾತ್ರ ಸರಿ ಅನ್ಸುತ್ತೆ. ನೊಂದವರು ಅಂದ್ರೆ ಅಳೋರು ಅನ್ನೋ ಹಾಗೆ ಕೇಳ್ಸುತ್ತೆ. ಕಾನೂನು ಕಣ್ಣೀರು ಅಳೆಯಲ್ಲ; ಆ ನಿರ್ಧಾರ ನಿಮ್ಮ ಹಕ್ಕಿಗೆ ಪೆಟ್ಟು ಕೊಟ್ಟಿದೆಯಾ ಅಂತ ನೋಡುತ್ತೆ. ಮಾಹಿತಿ ಹಕ್ಕಿನಲ್ಲೂ ಹಾಗೇ: ಉತ್ತರದಿಂದ ‘ಅಗ್ರೀವ್ಡ್’ ಆದ್ರೆ 30 ದಿನದಲ್ಲಿ ಮೊದಲ ಮೇಲ್ಮನವಿ.

ಗೆಳೆಯ ರೀಲ್‌ಗೆ ಲೈಕ್ ಕೊಡ್ಲಿಲ್ಲ ಅಂತ ‘ಐ ಫೀಲ್ ಅಗ್ರೀವ್ಡ್’ ಅಂತ ಮೆಸೇಜ್ ಹಾಕ್ಬೇಡಿ ಮಾರಾಯ್ರೆ, ಅಲ್ಲಿಗೆ ‘ಹರ್ಟ್’ ಸಾಕು. ಸಿಟ್ಟನ್ನ ವರ್ಷಗಟ್ಟಲೆ ಒಳಗೇ ಇಟ್ಕೊಂಡ್ರೆ ಅದು ‘ರಿಸೆಂಟ್‌ಮೆಂಟ್’. ಅನ್ಯಾಯ ಮಾಡಿದ್ದು ಯಾವುದು ಅಂತ ಬೆರಳು ತೋರ್ಸೋಕೆ ಆಗುತ್ತೆ ಅಂದ್ರೆ ಮಾತ್ರ ‘ಅಗ್ರೀವ್ಡ್’.

ಕಾಕಾ ಪತ್ರದಲ್ಲಿದ್ದ ಕಾರಣ: 75 ವರ್ಷದ ದಾಖಲೆ ಇಲ್ಲ. ನಮ್ಮ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ರು, ಅವರಿಗೆ ಈ ಷರತ್ತಿಲ್ಲ. ಗೌಳಿಗರು ‘ಇತರೆ ಪಾರಂಪರಿಕ ಅರಣ್ಯವಾಸಿ’ಗಳು. 2005ರ ಡಿಸೆಂಬರ್ 13ಕ್ಕೂ ಮುಂಚೆ ಮೂರು ತಲೆಮಾರು ಕಾಡಲ್ಲಿದ್ದದ್ದು ತೋರಿಸಬೇಕು. 1930ರ ಕಾಗದ ಎಮ್ಮೆ ಕಾಯೋರ ಹತ್ರ ಎಲ್ಲಿಂದ ಬರ್ಬೇಕು? ಆದ್ರೆ ನಿಯಮದ ಸಾಕ್ಷ್ಯಗಳ ಪಟ್ಟಿಯಲ್ಲಿ ಊರಿನ ಹಿರಿಯರ ಲಿಖಿತ ಹೇಳಿಕೆಯೂ ಇದೆ.

ಪತ್ರದ ದಿನಾಂಕ ಎಣಿಸಿದೆ. 41 ದಿನ ಆಗಿತ್ತು. ಬಿಕಾಂ ಓದಿದ್ದು ಇದಕ್ಕಾದ್ರೂ ಬಂತು. ಅದೇ ಸಂಜೆ ಕಟ್ಟೆ ಮೇಲೆ ಕೂತು ಇಬ್ಬರು ಅಜ್ಜಂದಿರ ಹೇಳಿಕೆ ಬರ್ಕೊಂಡ್ವಿ.